‘ಚೆಕ್’ ಎಂಬ ಒಂದು ಮಾತು

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತನಾಡಲು ಆರಿಸಿಕೊಂಡಿರುವುದು ಒಂದೇ ಒಂದು ಶಬ್ದವನ್ನು. ಅದು ಪಂಡಿತರ ಶಬ್ದವಲ್ಲ. ಇಂಗ್ಲಿಷು ಕಲಿಯದವರ ಬಾಯಲ್ಲಿಯೂ ದಿನಕ್ಕೆ ಹತ್ತು ಸಲ ಬಂದು ಹೋಗುವ ಶಬ್ದ. ‘ಚೆಕ್’ ಎಂಬುದೇ ಆ ಶಬ್ದ.

ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ನಮ್ಮ ಟಿಕೆಟನ್ನು ಚೆಕ್ ಮಾಡುತ್ತಾರೆ. ಕಾರ್ಖಾನೆಯ ಬಾಗಿಲಲ್ಲಿ ಊಟದ ಡಬ್ಬಿಯನ್ನೂ ಜೇಬನ್ನೂ ಚೆಕ್ ಮಾಡುತ್ತಾರೆ. ಕಚೇರಿಯಲ್ಲಿ ಒಬ್ಬ ಗುಮಾಸ್ತನು ಕೂಡಿಸಿದ ಲೆಕ್ಕವನ್ನು ಇನ್ನೊಬ್ಬ ಗುಮಾಸ್ತನು ಚೆಕ್ ಮಾಡುತ್ತಾನೆ. ಬ್ಯಾಂಕಿಗೆ ಹೋದರೆ ಅಲ್ಲಿಯೂ ಚೆಕ್ಕು. ಆಸ್ಪತ್ರೆಗೆ ಹೋದರೆ ಚೆಕಪ್ಪು. ಬಸ್ಸಿನಲ್ಲಿ ಊರಿಗೆ ಹೊರಟರೆ ದಾರಿಯಲ್ಲಿ ಎಲ್ಲಾದರೊಂದು ಚೆಕ್‌ಪೋಸ್ಟು. ಹಬ್ಬಕ್ಕೊಂದು ಅಂಗಿ ಕೊಳ್ಳೋಣವೆಂದರೆ, “ಪ್ಲೇನ್ ಬೇಕೋ ಚೆಕ್ಸ್ ಬೇಕೋ?” ಎಂದು ಅಂಗಡಿಯವನು ಕೇಳುತ್ತಾನೆ. ಚದುರಂಗದ ಆಟದಲ್ಲಿ ಎದುರಾಳಿಯ ರಾಜನ ಮೇಲೆ ಬಿದ್ದಾಗಲೂ ಇಂಗ್ಲಿಷಿನವರು ಹೇಳುವುದು ‘ಚೆಕ್’ ಎಂದೇ.

ಪರೀಕ್ಷಿಸುವುದು, ತಡೆಯುವುದು, ಹಣ ಕೊಡಿಸುವ ಕಾಗದ, ಚೌಕಳಿ ಬಟ್ಟೆ, ರಾಜನಿಗೆ ಬಂದ ಗಂಡಾಂತರ: ಇವಕ್ಕೆಲ್ಲ ಒಂದೇ ಶಬ್ದ ಹೇಗೆ ಬಂತು? ಇದನ್ನು ವಿಚಾರಿಸುವುದರಿಂದ ನಮ್ಮಂಥವರಿಗೆ ಏನು ಲಾಭ? ಎರಡು ಲಾಭಗಳಿವೆ ಎಂದು ನಾವು ತಿಳಿದಿದ್ದೇವೆ. ಊರು ಬಿಟ್ಟು ದುಡಿಯಲು ಬಂದ ನಮ್ಮಲ್ಲಿ ಅನೇಕರು ಇಂಗ್ಲಿಷಿನ ಮುಂದೆ ಕುಗ್ಗಿ ನಿಲ್ಲುತ್ತಾರೆ. ಆ ಭಾಷೆಯೂ ನಮ್ಮ ಹಾಗೆಯೇ ನಾಲ್ಕು ಊರು ಸುತ್ತಿ, ಕಂಡವರಿಂದ ಕಡ ತಂದು ಸಂಸಾರ ಹೂಡಿದ ಭಾಷೆ ಎಂದು ತಿಳಿದರೆ ಆ ಕುಗ್ಗು ಕಡಿಮೆಯಾಗುತ್ತದೆ. ಇದು ಮೊದಲನೆಯದು. ಈ ಮಾತಿನ ಹಿಂದೆ ಹಣ ಕಾಸಿನ ವ್ಯವಹಾರಕ್ಕೆ ಸಂಬಂಧಿಸಿದ ಒಂದು ಹಳೆಯ ಬುದ್ಧಿವಂತಿಕೆ ಅಡಗಿದೆ. ಅದು ಇಂದಿಗೂ ನಮಗೆ ಉಪಯೋಗಕ್ಕೆ ಬರುವಂಥದು. ಇದು ಎರಡನೆಯದು.

ಮೂಲದಿಂದ ಆರಂಭಿಸೋಣ. ಚದುರಂಗ ನಮ್ಮ ದೇಶದಲ್ಲಿ ಹುಟ್ಟಿದ ಆಟ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯಕ್ಕೆ ಸಂಸ್ಕೃತದಲ್ಲಿ ‘ಚತುರಂಗ’ ಎಂದು ಹೆಸರು. ಏಳನೆಯ ಶತಮಾನದ ಬಾಣಭಟ್ಟನು ತನ್ನ ‘ಹರ್ಷಚರಿತ’ದಲ್ಲಿ ಈ ಆಟವನ್ನು ಸೂಚಿಸಿದ್ದಾನೆ. ಆಟವು ಇಲ್ಲಿಂದ ಪರ್ಷಿಯಾ ದೇಶಕ್ಕೆ ಹೋಗಿ ‘ಚತ್ರಂಗ್’ ಆಯಿತು; ಅಲ್ಲಿಂದ ಅರಬರ ಕೈಗೆ ಹೋಗಿ ‘ಶತ್ರಂಜ್’ ಆಯಿತು. ಆಟ ಮುಂದೆ ಹೋದ ಹಾಗೆ ಆಟದ ಮಾತುಗಳೂ ಅದರ ಜೊತೆಗೆ ಹೋದುವು.

ಪರ್ಷಿಯದವರು ಎದುರಾಳಿಯ ರಾಜನನ್ನು ಅಪಾಯಕ್ಕೆ ಸಿಕ್ಕಿಸಿದಾಗ ‘ಷಾಹ್’ ಎಂದು ಎಚ್ಚರಿಕೆ ಕೊಡುತ್ತಿದ್ದರು. ಷಾಹ್ ಎಂದರೆ ರಾಜ. ‘ನಿನ್ನ ರಾಜನನ್ನು ನೋಡಿಕೋ’ ಎಂಬುದು ಅದರ ಭಾವ. ರಾಜನಿಗೆ ಮಿಸುಕಲು ಮನೆಯೇ ಉಳಿಯದಿದ್ದಾಗ ‘ಷಾಹ್ ಮಾತ್’, ಅಂದರೆ ರಾಜನು ಗತಿಗೆಟ್ಟ ಎನ್ನುತ್ತಿದ್ದರು. ಇದೇ ‘ಷಾಹ್’ ಅರಬರ ಮೂಲಕ ಯುರೋಪಿಗೆ ಹೋಗಿ, ಲ್ಯಾಟಿನ್ನಿನಲ್ಲಿ ರೂಪ ಬದಲಿಸಿ, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಎಂದಾಯಿತು. ಇಂಗ್ಲಿಷಿನವರ ಬಾಯಲ್ಲಿ ಮೊದಲಿನ ‘ಎ’ಕಾರ ಉದುರಿ ‘ಚೆಕ್’ ಉಳಿಯಿತು. ‘ಷಾಹ್ ಮಾತ್’ ಎಂಬುದು ‘ಚೆಕ್‌ಮೇಟ್’ ಆಯಿತು. ಆಟಕ್ಕೆ ಅವರಿಟ್ಟ ‘ಚೆಸ್’ ಎಂಬ ಹೆಸರು ಕೂಡ ಇದೇ ಫ್ರೆಂಚ್ ಶಬ್ದದ ಬಹುವಚನದಿಂದ ಬಂದದ್ದು. ಚೆಕ್ ಏಕವಚನ, ಚೆಸ್ ಬಹುವಚನ, ಎರಡೂ ಒಡಹುಟ್ಟಿದವು.

ಮುಂಬಯಿ ಪುಣೆಗಳಲ್ಲಿರುವ ನಮ್ಮವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಮರಾಠಿಯ ನೆರೆಹೊರೆಯವರು ಚದುರಂಗದಲ್ಲಿ ‘ಶಹ’ ಕೊಟ್ಟೆ ಎನ್ನುತ್ತಾರೆ. ಗೆದ್ದರೆ ‘ಮಾತ್’ ಮಾಡಿದೆ ಎನ್ನುತ್ತಾರೆ. ರಾಜಕಾರಣದ ಸುದ್ದಿಯಲ್ಲಿ ‘ಶಹ-ಕಾಟಶಹ’ ಎಂದು ಅವರ ಪತ್ರಿಕೆಗಳು ಬರೆಯುತ್ತವೆ. ಆ ಮರಾಠಿಯ ‘ಶಹ’ವೂ ಇಂಗ್ಲಿಷಿನ ‘ಚೆಕ್’ಕೂ ಒಂದೇ ಬೇರಿನ ಮಾತು. ಒಂದು ಪರ್ಷಿಯಾದಿಂದ ನೇರವಾಗಿ ಭಾರತಕ್ಕೆ ಬಂತು. ಇನ್ನೊಂದು ಅರಬಸ್ಥಾನ, ಫ್ರಾನ್ಸು, ಇಂಗ್ಲೆಂಡುಗಳನ್ನು ಸುತ್ತಿ, ಹಡಗು ಹತ್ತಿ ಮುಂಬಯಿಗೆ ಬಂತು. ಈಗ ಎರಡೂ ಒಂದೇ ಚಾಳಿನಲ್ಲಿ ಪಕ್ಕದ ಪಕ್ಕದ ಖೋಲಿಯಲ್ಲಿವೆ. ಪರಸ್ಪರ ಗುರುತು ಮಾತ್ರ ಇಲ್ಲ!

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬಹುದು. ಷಾಹ್ ಎಂಬುದರ ಪ್ರಾಚೀನ ಪರ್ಷಿಯನ್ ರೂಪ ‘ಕ್ಷಾಯಥಿಯ’. ‘ಆಳು’ ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿತು. ಸಂಸ್ಕೃತದ ‘ಕ್ಷತ್ರ’, ‘ಕ್ಷತ್ರಿಯ’ ಶಬ್ದಗಳು ಅದೇ ಧಾತುವಿನ ಸಂಬಂಧಿಗಳು. ಚೆಕ್ ಎಂಬುದು ಕ್ಷತ್ರಿಯ ಎಂಬುದರಿಂದ ಹುಟ್ಟಿತೆಂದು ಯಾರೂ ತಿಳಿಯಬಾರದು. ಇವು ತಾಯಿ ಮಕ್ಕಳಲ್ಲ, ದೂರದ ದಾಯಾದಿಗಳು. ನಮ್ಮ ವಿಜಾಪುರದ ‘ಆದಿಲಶಾಹಿ’ಯಲ್ಲಿ ಕಾಣುವ ಶಾಹಿಯೂ ಆ ಮನೆತನದ್ದೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಚದುರಂಗದ ಕುದುರೆ ಹಲಗೆಯ ಎಲ್ಲ ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ನಡೆಗಳನ್ನು ಹೆಣೆಯುವುದರಲ್ಲಿ ನಿಪುಣರಾಗಿದ್ದರು. ಆಟದ ತವರು ಇಲ್ಲಿಯದೆಂದ ಮೇಲೆ ಅದರ ಮಾತುಗಳ ಕಥೆ ನಮಗೆ ಪರಕೀಯವಲ್ಲ.

ರಾಜನ ಹೆಸರು ಬೇರೆ ಅರ್ಥಗಳಿಗೆ ಹೇಗೆ ಹರಡಿತು? ಆಟದಲ್ಲಿ ‘ಚೆಕ್’ ಬಿದ್ದರೆ ಉಳಿದ ಎಲ್ಲ ಹೂಟವನ್ನೂ ನಿಲ್ಲಿಸಿ ಮೊದಲು ರಾಜನನ್ನು ಕಾಯಬೇಕು. ಆದುದರಿಂದ ಮುನ್ನಡೆಯುತ್ತಿದ್ದವನನ್ನು ಥಟ್ಟನೆ ನಿಲ್ಲಿಸುವುದಕ್ಕೆ, ತಡೆಯುವುದಕ್ಕೆ, ಹದ್ದಿನಲ್ಲಿ ಇಡುವುದಕ್ಕೆ ಆ ಶಬ್ದ ಸಲ್ಲತೊಡಗಿತು. ಇದು ಇಂಗ್ಲಿಷಿನಲ್ಲಿ ಹಳೆಯ ಅರ್ಥ. ‘ಸರಿಯಾಗಿದೆಯೇ ಎಂದು ನೋಡು’ ಎಂಬ ಅರ್ಥ ಬಂದದ್ದು ಬಹಳ ತಡವಾಗಿ, ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ. ತಪ್ಪು ಮುಂದೆ ಹೋಗದಂತೆ ತಡೆಯಬೇಕಾದರೆ ಮೊದಲು ನೋಡಬೇಕಷ್ಟೆ; ತಡೆಯುವುದರಿಂದ ನೋಡುವುದಕ್ಕೆ ಅರ್ಥವು ಹೀಗೆ ಜಾರಿತು. ಚೆಕ್‌ಪೋಸ್ಟಿನಲ್ಲಿ ಎರಡು ಅರ್ಥಗಳೂ ಕೂಡಿಯೇ ಇವೆ: ಅಲ್ಲಿ ಗಾಡಿಯನ್ನು ತಡೆಯುತ್ತಾರೆ, ತಡೆದು ನೋಡುತ್ತಾರೆ.

ಗುಮಾಸ್ತ ಬಂಧುಗಳು ಇದನ್ನು ಗಮನಿಸಬೇಕು. ಮೇಲಿನ ಕಚೇರಿಯ ಕಾಗದದಲ್ಲಿ ‘ಖರ್ಚನ್ನು ಚೆಕ್ ಮಾಡತಕ್ಕದ್ದು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಬಂದಿತೆನ್ನೋಣ. ಖರ್ಚಿನ ಲೆಕ್ಕವನ್ನು ತಪಾಸು ಮಾಡಿ ಎಂದೂ ಅದಕ್ಕೆ ಅರ್ಥವಾಗಬಹುದು. ಖರ್ಚಿಗೆ ಕಡಿವಾಣ ಹಾಕಿ ಎಂದೂ ಆಗಬಹುದು. ಮೊದಲನೆಯ ಅರ್ಥ ಹಿಡಿದವನು ಹಳೆಯ ಬಿಲ್ಲುಗಳ ಕಟ್ಟನ್ನು ಬಿಚ್ಚಿ ಕೂಡುತ್ತಾನೆ. ಎರಡನೆಯ ಅರ್ಥ ಹಿಡಿದವನು ಹೊಸ ಬಿಲ್ಲಿಗೆ ರುಜು ಹಾಕಲು ಹಿಂದೆ ಮುಂದೆ ನೋಡುತ್ತಾನೆ. ಹಿಂದಿನ ಮುಂದಿನ ವಾಕ್ಯಗಳನ್ನು ಓದಿ, ಸಂದೇಹ ಉಳಿದರೆ ಕೇಳಿ ತಿಳಿದುಕೊಳ್ಳುವುದೇ ಮೇಲು. ಕೇಳುವುದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ; ಎರಡು ಅರ್ಥ ಇರುವುದು ಅವರ ಶಬ್ದಕ್ಕೆ, ನಮ್ಮ ತಲೆಗಲ್ಲ.

ಇನ್ನು ಬಟ್ಟೆಗೂ ಹಣಕ್ಕೂ ಬರೋಣ. ಚದುರಂಗದ ಹಲಗೆಗೆ ಹಳೆಯ ಫ್ರೆಂಚಿನಲ್ಲಿ ‘ಎಶೆಕಿಯೆ’ ಎಂದು ಹೆಸರು. ಆ ಹಲಗೆಯ ಹಾಗೆ ಮನೆ ಮನೆಯಾಗಿ ಕಾಣುವ ಬಟ್ಟೆ ‘ಚೆಕ್ಸ್’ ಆಯಿತು. ಮದರಾಸಿನ ಕಡೆಯ ಕೈಮಗ್ಗದ ಚೌಕಳಿ ಬಟ್ಟೆ ‘ಮದ್ರಾಸ್ ಚೆಕ್ಸ್’ ಎಂದು ಕಡಲಾಚೆಗೂ ಹೆಸರಾಯಿತು.

ಅದೇ ಹಲಗೆಯ ಹೆಸರಿನಿಂದ ಇಂಗ್ಲೆಂಡಿನ ರಾಜನ ಖಜಾನೆಗೆ ‘ಎಕ್ಸ್‌ಚೆಕರ್’ ಎಂಬ ಹೆಸರು ಬಂತು. ಇಂದಿಗೂ ಬ್ರಿಟನ್ನಿನ ಹಣಕಾಸಿನ ಮಂತ್ರಿಯ ಪದವಿಯಲ್ಲಿ ಆ ಶಬ್ದವಿದೆ. ಖಜಾನೆಗೂ ಚದುರಂಗಕ್ಕೂ ಎಲ್ಲಿಯ ನಂಟು? ಹನ್ನೆರಡನೆಯ ಶತಮಾನದಲ್ಲಿ, ಎರಡನೆಯ ಹೆನ್ರಿಯ ಆಳ್ವಿಕೆಯಲ್ಲಿ, ಖಜಾನೆಯ ಅಧಿಕಾರಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಎಂಬವನು ಆ ಕಚೇರಿಯ ಕ್ರಮವನ್ನು ಗುರುಶಿಷ್ಯರ ಸಂವಾದದ ರೂಪದಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ಹತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ಮೇಜು. ಅದರ ಮೇಲೆ ಗೆರೆ ಹಾಕಿದ ಕಪ್ಪು ಬಟ್ಟೆಯ ಹಾಸು. ಒಂದೊಂದು ಪಟ್ಟಿಗೆ ಒಂದೊಂದು ಬೆಲೆ: ಪೆನ್ನಿ, ಷಿಲ್ಲಿಂಗು, ಪೌಂಡು, ಇಪ್ಪತ್ತು, ನೂರು, ಸಾವಿರ. ನಮ್ಮ ದೇಶದಿಂದ ಅರಬರ ಮೂಲಕ ಹೊರಟ ಅಂಕಿಗಳೂ ಸೊನ್ನೆಯೂ ಆ ಕಚೇರಿಯಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ. ಆದುದರಿಂದ ಬಿಲ್ಲೆಗಳನ್ನು ಪಟ್ಟಿಯಿಂದ ಪಟ್ಟಿಗೆ ಸರಿಸಿ ಲೆಕ್ಕ ಮಾಡುತ್ತಿದ್ದರು. ಮೇಜಿನ ಒಂದು ಕಡೆ ಖಜಾಂಚಿ. ಎದುರಿಗೆ ಜಿಲ್ಲೆಯ ಕಂದಾಯ ತಂದ ಷೆರೀಫ. ಇಬ್ಬರೂ ಚದುರಂಗದ ಆಟಗಾರರ ಹಾಗೆ ಎದುರು ಬದುರು ಕೂಡುತ್ತಿದ್ದುದೂ ಈ ಹೆಸರಿಗೆ ಒಂದು ಕಾರಣವೆಂದು ಫಿಟ್ಜ್‌ನೀಲನೇ ಹೇಳುತ್ತಾನೆ.

ಈ ಮೇಜಿನ ಹೆಚ್ಚುಗಾರಿಕೆ ಏನೆಂದರೆ, ಅಕ್ಷರ ಬಾರದವನು ಕೂಡ ತನ್ನ ಲೆಕ್ಕವನ್ನು ಅಲ್ಲಿ ಕಣ್ಣಾರೆ ಕಾಣಬಹುದಿತ್ತು. ಬಿಲ್ಲೆ ಸರಿಸುವವನ ಕೈ ಎಲ್ಲರ ಮುಂದೆ ಆಡುತ್ತಿತ್ತು.

ಹಣ ಸಂದಾಯವಾದ ಮೇಲೆ ಕೊಡುತ್ತಿದ್ದ ರಸೀದಿ ಕಾಗದದ್ದಲ್ಲ, ಕಟ್ಟಿಗೆಯದು. ಒಂದು ಕೋಲಿನ ಮೇಲೆ ಮೊತ್ತಕ್ಕೆ ತಕ್ಕಂತೆ ಕಚ್ಚುಗಳನ್ನು ಹಾಕುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಜವೆಗೋದಿಯ ಕಾಳಿನಷ್ಟು. ಆಮೇಲೆ ಆ ಕೋಲನ್ನು ಉದ್ದಕ್ಕೆ ಸೀಳಿ ಎರಡು ಮಾಡುತ್ತಿದ್ದರು. ಕಚ್ಚುಗಳು ಎರಡು ಸೀಳಿನಲ್ಲಿಯೂ ಉಳಿಯುತ್ತಿದ್ದುವು. ಉದ್ದನೆಯ ಸೀಳಿಗೆ ‘ಸ್ಟಾಕ್’ ಎಂದು ಹೆಸರು, ಅದು ಹಣ ಕೊಟ್ಟವನಿಗೆ. ಇನ್ನೊಂದು ‘ಫಾಯಿಲ್’, ಅದು ಖಜಾನೆಗೆ. ಮುಂದೆ ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ಒಬ್ಬನು ತನ್ನ ತುಂಡಿನಲ್ಲಿ ಕಳ್ಳತನದಿಂದ ಒಂದು ಕಚ್ಚು ಹೆಚ್ಚು ಹಾಕಿಕೊಂಡಿದ್ದರೆ ಇನ್ನೊಬ್ಬನ ತುಂಡಿನೊಡನೆ ಅದು ಕೂಡಿ ಬರುತ್ತಿರಲಿಲ್ಲ. ನಮ್ಮ ಹಳ್ಳಿಯ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದರಷ್ಟೆ. ಇದು ಅದೇ ಬುದ್ಧಿ, ಆದರೆ ಇಲ್ಲಿ ಗೋಡೆ ಇಬ್ಬರ ಮನೆಯಲ್ಲಿಯೂ ಇತ್ತು.

ಈ ಕೋಲುಗಳು ೧೮೨೬ರವರೆಗೂ ನಡೆದುವು. ಬೇಡವಾದ ಕೋಲುಗಳ ರಾಶಿಯನ್ನು ೧೮೩೪ರ ಅಕ್ಟೋಬರ್ ೧೬ರಂದು ಲಂಡನ್ನಿನ ಪಾರ್ಲಿಮೆಂಟಿನ ಒಲೆಗಳಲ್ಲಿ ಹಾಕಿ ಸುಟ್ಟರು. ಬೆಂಕಿ ಕೈಮೀರಿ ಪಾರ್ಲಿಮೆಂಟಿನ ಕಟ್ಟಡವೇ ಸುಟ್ಟುಹೋಯಿತು. ಹಳೆಯ ಲೆಕ್ಕವನ್ನು ಸುಡುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ!

ಕೋಲು ಹೋದರೂ ಅದರ ಬುದ್ಧಿ ಕಾಗದಕ್ಕೆ ಇಳಿಯಿತು. ಬ್ಯಾಂಕಿನವರು ಹಣದ ಆಜ್ಞಾಪತ್ರಗಳನ್ನು ಅಚ್ಚು ಹಾಕಿಸಿ, ಪ್ರತಿಯೊಂದಕ್ಕೂ ಒಂದು ಸಹತುಂಡನ್ನು ಇಟ್ಟರು. ಮೋಸವನ್ನು ತಡೆಯುವ ಆ ತುಂಡಿಗೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂದು ಹೆಸರು. ಕಾಲಕ್ರಮದಲ್ಲಿ ತುಂಡಿನ ಹೆಸರು ಇಡಿಯ ಕಾಗದಕ್ಕೆ ಅಂಟಿತು. ತುಂಡಿಗೆ ‘ಕೌಂಟರ್‌ಫಾಯಿಲ್’ ಎಂಬ ಹೆಸರು ನಿಂತಿತು. ಫಾಯಿಲ್ ಎಂಬುದು ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಎಕ್ಸ್‌ಚೆಕರಿನ ನೆನಪಿನಿಂದ ಇಂಗ್ಲೆಂಡಿನವರು ಬ್ಯಾಂಕಿನ ಚೆಕ್ಕಿನ ಕಾಗುಣಿತವನ್ನು ಬೇರೆ ಮಾಡಿಕೊಂಡರು. ಅಮೆರಿಕದವರು ಎಲ್ಲಕ್ಕೂ ಒಂದೇ ಕಾಗುಣಿತ ಇಟ್ಟುಕೊಂಡರು. ಹೋಟೆಲಿನ ಬಿಲ್ಲಿಗೂ ಅವರು ಚೆಕ್ ಎಂದೇ ಹೇಳುತ್ತಾರೆ. ಕನ್ನಡದ ಲಿಪಿಗೆ ಈ ರಗಳೆ ಇಲ್ಲ. ಕೇಳಿದ ಹಾಗೆ ಬರೆದು, ಕೊನೆಗೊಂದು ಉಕಾರ ಸೇರಿಸಿ, ಚೆಕ್ಕು, ಚೆಕ್ಕನ್ನು, ಚೆಕ್ಕಿಗೆ ಎಂದು ನಮ್ಮ ವಿಭಕ್ತಿಗಳನ್ನು ಹಚ್ಚಿ ಮನೆಯ ಮಗನನ್ನಾಗಿ ಮಾಡಿಕೊಂಡಿದ್ದೇವೆ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಶಬ್ದಗಳ ಮೂಲ ಹುಡುಕುವವರಿಗೆ ಕಿವಿ ಬಹಳ ಮೋಸ ಮಾಡುತ್ತದೆ. ಚೆಕ್ಸ್ ಬಟ್ಟೆಯಲ್ಲಿ ಚೌಕಗಳಿವೆ, ಆದುದರಿಂದ ಚೌಕದಿಂದಲೇ ಚೆಕ್ ಹುಟ್ಟಿತೆಂದು ಹೇಳಲು ನಾಲಿಗೆ ತುರಿಸುತ್ತದೆ. ಅದು ಸರಿಯಲ್ಲ. ಚೌಕವು ‘ನಾಲ್ಕು’ ಎಂಬರ್ಥದ ಸಂಸ್ಕೃತದ ‘ಚತುಷ್ಕ’ದಿಂದ ಬಂದದ್ದು; ಚೆಕ್ ರಾಜನಿಂದ ಬಂದದ್ದು. ಪೂರ್ವ ಯುರೋಪಿನ ಕಡೆ ಚೆಕ್ ಎಂಬ ಜನರಿದ್ದಾರೆ, ೧೯೯೩ರ ಜನವರಿ ೧ರಿಂದ ಅವರದೇ ಬೇರೆ ಗಣರಾಜ್ಯವಿದೆ. ಅವರ ಹೆಸರು ಅವರ ಸ್ಲಾವ್ ಭಾಷೆಯದು, ಇದಕ್ಕೆ ಸಂಬಂಧಿಸಿದ್ದಲ್ಲ. ಅರಬ್ ವರ್ತಕರಲ್ಲಿ ‘ಸಕ್ಕ್’ ಎಂಬ ಹಣದ ಪತ್ರ ಬಳಕೆಯಲ್ಲಿತ್ತು, ಅದರಿಂದಲೇ ಬ್ಯಾಂಕಿನ ಚೆಕ್ ಬಂತೆಂದು ಹೇಳುವವರೂ ಉಂಟು. ಆದರೆ ಇಂಗ್ಲಿಷಿನ ಪದಕೋಶಕಾರರು ಒಪ್ಪಿರುವುದು ಚದುರಂಗದ ಷಾಹನ ದಾರಿಯನ್ನೇ. ಮುಖ ಹೋಲಿದ ಮಾತ್ರಕ್ಕೆ ನೆಂಟಸ್ತಿಕೆ ಆಗುವುದಿಲ್ಲ.

ಈಗ ನಮ್ಮ ಬದುಕಿನ ಕಡೆಗೆ ಬರೋಣ. ಹಣ ಕಳಿಸುವ ಕೆಲಸ ಇಂದು ಮೊಬೈಲಿನಲ್ಲಿ ಕ್ಷಣಕ್ಕೆ ಮುಗಿಯುತ್ತದೆ. ಚೆಕ್ಕಿನ ಬಳಕೆ ಇಳಿದಿದೆ. ಆದರೂ ಸಾಲಕ್ಕೆ, ಬಾಡಿಗೆಯ ಠೇವಣಿಗೆ, ಜಾಮೀನಿಗೆ ಚೆಕ್ಕು ಕೇಳುವವರು ಇದ್ದೇ ಇದ್ದಾರೆ. ಅವರಲ್ಲಿ ಹಲವರು ಕೇಳುವುದು ಬರೀ ರುಜು ಹಾಕಿದ ಖಾಲಿ ಚೆಕ್ಕನ್ನು. ಊರಿನಲ್ಲಿ ಮದುವೆ, ತಾಯಿಗೆ ಕಾಯಿಲೆ ಎಂದು ಅವಸರದಲ್ಲಿರುವ ಮನುಷ್ಯನು ಹಿಂದೆ ಮುಂದೆ ನೋಡದೆ ಕೊಟ್ಟುಬಿಡುತ್ತಾನೆ. ಕಾನೂನು ಏನು ಹೇಳುತ್ತದೆ ಎಂಬುದನ್ನು ಎಲ್ಲರೂ ತಿಳಿದಿರಬೇಕು. ಚೆಕ್ಕು, ಹುಂಡಿ ಮೊದಲಾದುವುಗಳ ಕಾಯಿದೆ ೧೮೮೧ರದು. ಅದಕ್ಕೆ ೧೯೮೮ರ ತಿದ್ದುಪಡಿಯಿಂದ ಬಂದ ೧೩೮ನೆಯ ಕಲಮಿನಂತೆ, ಸಾಲ ತೀರಿಸಲು ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ಹಿಂದಿರುಗಿ, ನೋಟೀಸು ಬಂದ ೧೫ ದಿನಗಳಲ್ಲಿ ಹಣ ಕೊಡದಿದ್ದರೆ ಅದು ಅಪರಾಧ. ಎರಡು ವರ್ಷದವರೆಗೆ ಸಜೆ, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ನಾನು ಕೊಟ್ಟದ್ದು ಖಾಲಿ ಚೆಕ್ಕು, ಮೊತ್ತ ಬರೆದುಕೊಂಡವರು ಅವರು’ ಎಂಬ ಒಂದೇ ಮಾತು ಸಾಲದು. ಒಪ್ಪಿ ರುಜು ಮಾಡಿ ಕೊಟ್ಟ ಖಾಲಿ ಚೆಕ್ಕಾದರೂ ಅದರ ಹಿಂದೆ ಸಾಲವಿದೆಯೆಂದೇ ಕಾನೂನು ಭಾವಿಸುತ್ತದೆ, ಇಲ್ಲವೆಂದು ತೋರಿಸುವ ಭಾರ ರುಜು ಮಾಡಿದವನ ಮೇಲಿದೆ ಎಂದು ೨೦೧೯ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತೋರಿಸಲು ಅವನ ಕೈಯಲ್ಲಿ ಏನಿರುತ್ತದೆ? ತುಂಡು ಕಾಗದವೂ ಇಲ್ಲದಿದ್ದರೆ ಅವನ ರಾಜನಿಗೆ ಮನೆಯಿಲ್ಲ. ಅದೇ ‘ಷಾಹ್ ಮಾತ್’.

ಆದುದರಿಂದ ಹಳೆಯ ಕೋಲಿನ ಬುದ್ಧಿಯನ್ನು ನಾವು ಕಲಿಯಬೇಕು. ಚೆಕ್ಕಿನಲ್ಲಿ ಹೆಸರು, ತಾರೀಖು, ಮೊತ್ತ ಬರೆದಲ್ಲದೆ ರುಜು ಹಾಕಬಾರದು. ಮೊತ್ತವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಒಂದೇ ಆಗಿ ಬರೆಯಬೇಕು. ಎರಡರಲ್ಲಿ ವ್ಯತ್ಯಾಸ ಬಂದರೆ ಕಾಯಿದೆಯ ಪ್ರಕಾರ ಅಕ್ಷರದ್ದೇ ಮೇಲು. ಖಾತೆಗೇ ಜಮಾ ಆಗಲೆಂದು ಮೂಲೆಯಲ್ಲಿ ಎರಡು ಗೆರೆ ಎಳೆಯಬೇಕು. ೨೦೧೨ರ ಏಪ್ರಿಲ್ ೧ರಿಂದ ಚೆಕ್ಕಿನ ಆಯುಸ್ಸು ಬರೆದ ತಾರೀಖಿನಿಂದ ಮೂರೇ ತಿಂಗಳು ಎಂಬುದನ್ನು ಮರೆಯಬಾರದು. ಯಾರಿಗೆ, ಯಾವ ಕಾರಣಕ್ಕೆ, ಎಷ್ಟು ಕೊಟ್ಟೆವೆಂಬುದನ್ನು ನಮ್ಮ ಬಳಿ ಉಳಿಯುವ ತುಂಡಿನಲ್ಲಿ ಬರೆದಿಡಬೇಕು. ಪಗಾರದ ಚೀಟಿ, ಬಾಡಿಗೆಯ ರಸೀದಿ, ಸಾಲ ತೀರಿಸಿದ ಕಾಗದ, ಕಂತ್ರಾಟುದಾರನು ಬರೆಸಿಕೊಂಡ ಹಾಜರಿಯ ನಕಲು, ಇವೆಲ್ಲವೂ ನಮ್ಮ ಪಾಲಿನ ಸೀಳುಗಳೇ. ಹೆಬ್ಬೆಟ್ಟು ಒತ್ತುವವರಿಗೆ ಇದು ಇನ್ನೂ ಮುಖ್ಯ. ಈ ವಾಚನಾಲಯದಲ್ಲಿ ಓದು ಬರಹ ಬಲ್ಲವರು ಬೇಕಾದಷ್ಟು ಜನ ಇದ್ದೀರಿ. ಪಕ್ಕದ ಖೋಲಿಯ ಅಣ್ಣನು ಕಾಗದ ಹಿಡಿದು ಬಂದರೆ ಹತ್ತು ನಿಮಿಷ ಕೊಟ್ಟು ಓದಿ ಹೇಳಿರಿ. ಆಗ ಎಕ್ಸ್‌ಚೆಕರಿನ ಮೇಜಿನಂತೆ, ಅಕ್ಷರ ಬಾರದವನೂ ತನ್ನ ಲೆಕ್ಕವನ್ನು ಕಣ್ಣಾರೆ ಕಂಡಂತಾಗುತ್ತದೆ.

ಬಂಧುಗಳೆ, ಈ ಮಾತು ರಾಜನ ಹೆಸರಾಗಿ ಹುಟ್ಟಿತು. ಆದರೆ ಅದರ ಅರ್ಥ ಬೆಳೆದದ್ದು ರಾಜನನ್ನೂ ತಡೆಯಬಹುದೆಂಬ ಆಟದಿಂದ. ಖಜಾನೆಯಲ್ಲಿ ಅದು ಇಬ್ಬರ ಕೈಯಲ್ಲಿಯೂ ಒಂದೊಂದು ತುಂಡು ಇರಬೇಕೆಂಬ ನ್ಯಾಯವಾಯಿತು. ಬಾಗಿಲಲ್ಲಿ, ಗಾಡಿಯಲ್ಲಿ, ಕಚೇರಿಯಲ್ಲಿ ದಿನವೂ ನಮ್ಮನ್ನು ಚೆಕ್ ಮಾಡುತ್ತಾರೆ. ಮಾಡಲಿ, ನ್ಯಾಯವಾದದ್ದಕ್ಕೆ ನಾವು ಅಂಜಬೇಕಾಗಿಲ್ಲ. ಆದರೆ ಆ ಕ್ರಿಯಾಪದಕ್ಕೆ ನಾವು ಕರ್ಮವಾಗಿ ಮಾತ್ರ ಉಳಿಯಬಾರದು, ಕರ್ತೃವೂ ಆಗಬೇಕು. ನಮ್ಮ ಲೆಕ್ಕವನ್ನು ನಾವೂ ನೋಡೋಣ. ನಮ್ಮ ತುಂಡು ನಮ್ಮ ಪೆಟ್ಟಿಗೆಯಲ್ಲಿ ಇರಲಿ.